ಊಲಾಂಗ್ ಟೀ ಮಾಡೋದು ಹೇಗೆ: ಗಡಿಯಾರ ಬಿಟ್ಟು ಎಲೆ ನೋಡಿ

ಟೀ ಗಿಡ ಒಂದೇ. ಅದೇ ಗಿಡದ ಎಲೆಯಿಂದ ಗ್ರೀನ್ ಟೀ ಆಗುತ್ತದೆ, ಬ್ಲ್ಯಾಕ್ ಟೀ ಆಗುತ್ತದೆ, ಊಲಾಂಗೂ ಆಗುತ್ತದೆ. ಕಿತ್ತ ಮೇಲೆ ಎಲೆಗೆ ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗ್ರೀನ್ ಟೀ ಮಾಡುವವರು ಎಲೆಗೆ ಬೇಗ ಬಿಸಿ ಮುಟ್ಟಿಸಿ ಹಸಿರನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಬ್ಲ್ಯಾಕ್ ಟೀ ಮಾಡುವವರು ಎಲೆಯನ್ನು ಚೆನ್ನಾಗಿ ಹೊಸಕಿ ಗಾಳಿಗೆ ಬಿಟ್ಟು ಪೂರ್ತಿ ಕೆಂಪಾಗಿಸುತ್ತಾರೆ. ಊಲಾಂಗ್ ಇವೆರಡರ ಮಧ್ಯೆ ಬರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅದನ್ನು ಓದಿ ಬ್ಲ್ಯಾಕ್ ಟೀ ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿದರೆ ಊಲಾಂಗ್ ಸಿಗುತ್ತದೆ ಅಂದುಕೊಳ್ಳುವವರು ತುಂಬಾ ಜನ. ಹಾಗೆ ಮಾಡಿದರೆ ಸಿಗುವುದು ಅರೆಬರೆ ಬ್ಲ್ಯಾಕ್ ಟೀ. ಊಲಾಂಗ್‌ನಲ್ಲಿ ಎಲೆಯ ಅಂಚಿಗೆ ಮಾತ್ರ ಪೆಟ್ಟು ಬೀಳಬೇಕು. ನಡುಭಾಗ ಅಷ್ಟೂ ಹೊತ್ತು ಜೀವ ಹಿಡಿದುಕೊಂಡೇ ಇರಬೇಕು. ಹಾಗೆ ಗಾಯಗೊಂಡೂ ಬದುಕಿರುವ ಎಲೆ ತನ್ನೊಳಗೆ ಹೂವಿನ, ಹಣ್ಣಿನ ಘಮ ಹುಟ್ಟಿಸಿಕೊಳ್ಳುತ್ತದೆ.

ಒಂದು ಕಿಲೋದಷ್ಟು ಹಸಿ ಎಲೆ ಕೈಗೆ ಸಿಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದು ಕಿಲೋ ಎಲೆಗೆ 200ರಿಂದ 250 ಗ್ರಾಂ ಟೀ ಬರುತ್ತದೆ, ಯಾಕೆಂದರೆ ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ. ಗಿಡ ಇಲ್ಲದವರೂ ಓದಬಹುದು. ಕಪ್ಪಿನಲ್ಲಿರುವ ರುಚಿ ಯಾವ ಹಂತದಿಂದ ಬಂತು ಅಂತ ಗೊತ್ತಾದರೆ ಟೀ ಕೊಳ್ಳುವಾಗ ಯಾರೂ ಮೋಸ ಮಾಡಲಾಗುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಅಗಲವಾದ ಬಿದಿರಿನ ಮೊರ ಅಥವಾ ತಟ್ಟೆ ಎರಡು ಮೂರು, ಒಂದು ತೂಕದ ಯಂತ್ರ, ದಪ್ಪ ಕಬ್ಬಿಣದ ಬಾಣಲೆ, ದಪ್ಪ ಹತ್ತಿ ಬಟ್ಟೆ, ಹತ್ತಿಯ ಕೈಗವಸು, ಒಣಗಿಸಲು ಒಂದು ಓವನ್. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಸಮಯ. ಮಧ್ಯಾಹ್ನ ಶುರು ಮಾಡಿದರೆ ಮಾರನೇ ದಿನ ಬೆಳಗಿನ ತನಕ ಕೆಲಸ ಇರುತ್ತದೆ, ರಾತ್ರಿ ನಿದ್ದೆ ತುಂಡು ತುಂಡಾಗಿಯೇ ಬರುತ್ತದೆ.

ಯಾವ ಊಲಾಂಗ್ ಬೇಕು, ಮೊದಲೇ ನಿರ್ಧರಿಸಿ

ಊಲಾಂಗ್ ಅನ್ನುವ ಒಂದೇ ಹೆಸರಿನ ಕೆಳಗೆ ಬಹಳ ದೂರ ದೂರದ ರುಚಿಗಳಿವೆ. ಆಕ್ಸಿಡೇಷನ್, ಅಂದರೆ ಗಾಳಿ ಸೋಕಿ ಎಲೆ ಕೆಂಪಾಗುವುದು, ಸುಮಾರು ಶೇ 10ರಿಂದ ಹಿಡಿದು ಶೇ 80ರವರೆಗೂ ಹೋಗಬಹುದು. ಅದರ ಮೇಲೆ ಹುರಿಯುವುದು ಬೇರೆ. ಹಾಗಾಗಿ ಎತ್ತ ಹೋಗಬೇಕು ಅಂತ ಗೊತ್ತಿಲ್ಲದೆ ಎಲೆ ಕೀಳಬೇಡಿ.

ಹಳೆಯ ನೆಲೆ ಚೀನಾದ ಫುಜಿಯಾನ್ ಪ್ರಾಂತ್ಯ. ಅದರ ಉತ್ತರದಲ್ಲಿ ವೂಯಿ ಬೆಟ್ಟಗಳಿವೆ. ಅಲ್ಲಿ ಬಂಡೆಗಳ ಸಂದಿಯಲ್ಲಿ ಬೆಳೆದ ಗಿಡಗಳಿಂದ ಉದ್ದುದ್ದ ಎಳೆಯಂತೆ ಕಾಣುವ, ಕಪ್ಪು ಕಂದು ಬಣ್ಣದ, ಕೆಂಡದ ಮೇಲೆ ಹುರಿದ ಟೀ ಮಾಡುತ್ತಾರೆ. ಶುಯಿ ಶಿಯಾನ್, ರೌ ಗುಯಿ, ದಾ ಹಾಂಗ್ ಪಾವ್ ಎಲ್ಲ ಈ ಗುಂಪಿನವು. ಕುಡಿದ ಮೇಲೆ ಗಂಟಲಿನಲ್ಲಿ ಒದ್ದೆ ಕಲ್ಲಿನ ಹಾಗೆ ಏನೋ ತಂಪು ಉಳಿಯುತ್ತದೆ, ಕುಡಿದವರಿಗೆ ಅದು ಚೆನ್ನಾಗಿ ಗೊತ್ತು. ದಾ ಹಾಂಗ್ ಪಾವ್‌ನ ಮೂಲ ಮರಗಳು ಅಂತ ಹೇಳುವ ಆರು ಗಿಡಗಳು ಅಲ್ಲೊಂದು ಬಂಡೆಯ ಮೇಲೆ ಇಂದಿಗೂ ಇವೆ, 2006ರಿಂದ ಅವುಗಳ ಎಲೆ ಕೀಳುವುದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಸಿಗುವುದು ಆ ಮರಗಳ ಕಡ್ಡಿ ನೆಟ್ಟು ಬೆಳೆಸಿದ ಗಿಡಗಳದ್ದು, ಇಲ್ಲವೇ ಬೇರೆ ಬೇರೆ ವೂಯಿ ಟೀಗಳನ್ನು ಬೆರೆಸಿದ್ದು. ಬೆರೆಸಿದ್ದು ಅಂದ ತಕ್ಷಣ ಕಳಪೆ ಅಂತಲ್ಲ, ಒಳ್ಳೆಯ ಬೆರಕೆಗೂ ಒಳ್ಳೆಯ ನಾಲಿಗೆ ಬೇಕು.

ಫುಜಿಯಾನ್‌ನ ದಕ್ಷಿಣಕ್ಕೆ ಆನ್‌ಶಿ ಇದೆ, ತಿಯೆ ಗ್ವಾನ್ ಯಿನ್ ಅಲ್ಲಿಯದು. ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಉರುಳಿಸಿ ಗುಂಡಗೆ ಮಾಡುತ್ತಾರೆ. ಹಳೆ ಕ್ರಮದಲ್ಲಿ ಹುರಿದು ಮಾಡಿದ್ದು ಒಂದು ಬಗೆ, ಇತ್ತೀಚಿನ ದಶಕಗಳಲ್ಲಿ ಜನಪ್ರಿಯವಾದ ಹಸಿರು ಬಣ್ಣದ, ಆರ್ಕಿಡ್ ಹೂವಿನ ಘಮದ್ದು ಇನ್ನೊಂದು ಬಗೆ. ಅಲ್ಲಿನ ಈ ಟೀ ಕೃಷಿಯನ್ನು 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆ ಅಂತ ಗುರುತಿಸಿತು. ಮೂರನೆಯದು ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಾವ್‌ಜೌ ಹತ್ತಿರದ ಫೀನಿಕ್ಸ್ ಬೆಟ್ಟ. ಅಲ್ಲಿನ ದಾನ್ ತ್ಸಾಂಗ್ ಟೀಗಳಲ್ಲಿ ಒಂದೊಂದು ಗಿಡದ ತಳಿಗೂ ಒಂದೊಂದು ಘಮ: ಜೇನು ಬೆರೆತ ಆರ್ಕಿಡ್, ಗಾರ್ಡೇನಿಯಾ, ಬಾದಾಮಿ. ಏನನ್ನೂ ಸೇರಿಸಿರುವುದಿಲ್ಲ, ಎಲ್ಲ ಎಲೆಯದ್ದೇ. ಆದರೆ ಒಂದು ನಿಮಿಷ ಜಾಸ್ತಿ ನೆನೆಸಿದರೆ ಕಹಿ ಹೊಡೆಯುತ್ತದೆ.

ನಾಲ್ಕನೆಯದು ತೈವಾನ್. ವಿದ್ಯೆಯೂ ಗಿಡಗಳೂ ಅಲ್ಲಿಗೆ ಹೋಗಿದ್ದು ಫುಜಿಯಾನ್‌ನಿಂದಲೇ. 1869ರಲ್ಲಿ ಜಾನ್ ಡಾಡ್ ಎಂಬ ವ್ಯಾಪಾರಿ ಅಲ್ಲಿನ ಟೀಯನ್ನು ಫಾರ್ಮೋಸಾ (ತೈವಾನ್‌ನ ಹಳೆ ಹೆಸರು) ಊಲಾಂಗ್ ಅನ್ನುವ ಹೆಸರಲ್ಲಿ ನ್ಯೂಯಾರ್ಕ್‌ಗೆ ಹಡಗಿನಲ್ಲಿ ಕಳಿಸಿದ ಮೇಲೆ ಹೊರಗಿನವರಿಗೆ ಅದರ ರುಚಿ ಹತ್ತಿತು. ಇಂದು ತೈವಾನ್‌ನಲ್ಲಿ ತೀರಾ ಕಡಿಮೆ ಆಕ್ಸಿಡೇಷನ್‌ನ ಬಾವ್ ಜಾಂಗ್‌ನಿಂದ ಹಿಡಿದು, ಮಧ್ಯಮ ಹುರಿದ ದಾಂಗ್ ದಿಂಗ್, 1,000 ಮೀಟರಿಗಿಂತ ಎತ್ತರದ ಅಲಿಶಾನ್, ಲಿಶಾನ್ ಟೀಗಳು, ಕೆಂಪು ಕಂದು ಬಣ್ಣದ ಓರಿಯೆಂಟಲ್ ಬ್ಯೂಟಿವರೆಗೆ ಎಲ್ಲವೂ ಇವೆ. ಎತ್ತರದ ಬೆಟ್ಟದಲ್ಲಿ ಚಳಿ, ಮಂಜು ಜಾಸ್ತಿ. ಗಿಡ ನಿಧಾನ ಬೆಳೆಯುತ್ತದೆ, ಎಲೆ ದಪ್ಪ ಆಗುತ್ತದೆ, ಒಗರು ಕಡಿಮೆ, ಬಾಯಲ್ಲಿ ನುಣುಪು ಜಾಸ್ತಿ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಶೇ 30ರಿಂದ 40ರಷ್ಟು ಆಕ್ಸಿಡೇಷನ್, ವೂಯಿಯವರ ಹಾಗೆ ಉದ್ದ ಎಳೆ, ಹಗುರವಾಗಿ ಹುರಿದದ್ದು. ಹಸಿರು ಬಗೆಯ ಊಲಾಂಗ್ ನೋಡಲು ಸುಲಭ ಅನ್ನಿಸುತ್ತದೆ, ಆದರೆ ಅದರಲ್ಲಿ ಸಣ್ಣ ತಪ್ಪೂ ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಈ ಮಧ್ಯಮ ಬಗೆ ಸ್ವಲ್ಪ ಕ್ಷಮಿಸುತ್ತದೆ.

ಎಲೆ ಕೀಳುವುದು

ಬ್ಲ್ಯಾಕ್ ಟೀಗೆ ಎರಡು ಎಲೆ ಒಂದು ಕುಡಿ ಅಂತ ಕೀಳುತ್ತಾರೆ. ಊಲಾಂಗ್‌ಗೆ ಅಷ್ಟು ಎಳೆಯದು ಬೇಡ. ತುದಿಯ ಮೊಗ್ಗು ಬಿಚ್ಚಿಕೊಂಡು ಎಲೆಯಾಗಿ, ಬೆಳವಣಿಗೆ ಒಂದು ಹಂತಕ್ಕೆ ನಿಂತ ಚಿಗುರು ನೋಡಿ. ಅದರ ಮೇಲಿನ ಮೂರು ನಾಲ್ಕು ಎಲೆಗಳನ್ನು ದಂಟಿನ ಸಮೇತ ಕೀಳಿ. ಎಳೆ ಎಲೆ ಕುಲುಕಿದರೆ ಜಜ್ಜಿ ಹೋಗುತ್ತದೆ, ಕಹಿಯೂ ಜಾಸ್ತಿ. ಬಲಿತ ಎಲೆಗೆ ಪೆಟ್ಟು ತಡೆಯುವ ಶಕ್ತಿ ಇರುತ್ತದೆ, ಮುಂದೆ ಘಮವಾಗಿ ಬದಲಾಗುವ ವಸ್ತುಗಳೂ ಅದರಲ್ಲಿ ಚೆನ್ನಾಗಿ ಸೇರಿಕೊಂಡಿರುತ್ತವೆ. ಆದರೆ ಮಡಚಿದರೆ ಲಟಕ್ಕನೆ ಮುರಿಯುವಷ್ಟು ಗಡುಸಾದ ಹಳೆ ಎಲೆ ಬೇಡವೇ ಬೇಡ.

ದಂಟು ಯಾಕೆ ಅಂತ ಕೇಳಬಹುದು. ರಾತ್ರಿಯ ಕೆಲಸಕ್ಕೆ ದಂಟೇ ನೀರಿನ ತೊಟ್ಟಿ. ಅದು ಇಲ್ಲದಿದ್ದರೆ ಎಲೆ ಬೇಗ ಒಣಗಿ ಸೋತು ಹೋಗುತ್ತದೆ.

ಬಿಸಿಲಿರುವ ದಿನ, ಇಬ್ಬನಿ ಪೂರ್ತಿ ಆರಿದ ಮೇಲೆ ಕೀಳಿ. ಮಳೆಯಲ್ಲಿ ನೆಂದ ಎಲೆಯಿಂದ ಒಳ್ಳೆಯ ಊಲಾಂಗ್ ಮಾಡುವುದು ಅನುಭವಿಗಳಿಗೂ ಕಷ್ಟ. ಕಿತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ಒಳಗೆ ಬಿಸಿ ಏರಿ ಅಲ್ಲೇ ಕೆಂಪಾಗಲು ಶುರುವಾಗುತ್ತದೆ. ಬುಟ್ಟಿಯಲ್ಲಿ ಸಡಿಲವಾಗಿ ಹಾಕಿ, ಬೇಗ ತಂದು ಹರಡಿ.

ಓರಿಯೆಂಟಲ್ ಬ್ಯೂಟಿ ಮಾತ್ರ ಈ ನಿಯಮಕ್ಕೆ ಹೊರತು. ಅದಕ್ಕೆ ಬೇಸಿಗೆಯಲ್ಲಿ ಎಳೆ ಕುಡಿಗಳನ್ನೇ ಕೀಳುತ್ತಾರೆ, ಅದೂ ಹಸಿರು ಜಿಗಿಹುಳು ರಸ ಹೀರಿದ ಕುಡಿಗಳನ್ನು. ಹುಳು ಕಚ್ಚಿದಾಗ ಗಿಡ ತನ್ನ ರಕ್ಷಣೆಗೆ ಕೆಲವು ಘಮದ ವಸ್ತುಗಳನ್ನು ಹುಟ್ಟಿಸುತ್ತದೆ. ಆ ಟೀಯಲ್ಲಿ ಬರುವ ಜೇನು ಮತ್ತು ಮಾಗಿದ ಹಣ್ಣಿನ ವಾಸನೆ ಅದರಿಂದ ಬಂದದ್ದು. ಹುಳು ಬೇಕು ಅಂದರೆ ಕೀಟನಾಶಕ ಹೊಡೆಯುವ ಹಾಗಿಲ್ಲ. ಇಳುವರಿ ಕಡಿಮೆ, ಬೆಲೆ ಜಾಸ್ತಿ.

ಬಿಸಿಲಿಗೆ, ಆಮೇಲೆ ನೆರಳಿಗೆ

ಎಲೆಯನ್ನು ಮೊರದ ಮೇಲೆ ಒಂದೇ ಪದರವಾಗಿ ಹರಡಿ. ಇಳಿ ಮಧ್ಯಾಹ್ನದ ಹದ ಬಿಸಿಲು ಸಾಕು. ಸುಡುಬಿಸಿಲಾದರೆ ಮೇಲೆ ತೆಳು ಬಟ್ಟೆ ಕಟ್ಟಿ ನೆರಳು ಮಾಡಿ, ಇಲ್ಲವಾದರೆ ಎಲೆ ಅಲ್ಲಲ್ಲಿ ಸುಟ್ಟು ಕಂದು ಮಚ್ಚೆ ಬೀಳುತ್ತದೆ. ಇಪ್ಪತ್ತು ನಿಮಿಷದಿಂದ ಒಂದು ಗಂಟೆವರೆಗೆ ಹಿಡಿಯಬಹುದು, ನಡುವೆ ಒಂದೆರಡು ಸಲ ಮೆಲ್ಲಗೆ ತಿರುವಿ ಹಾಕಿ.

ಇಲ್ಲಿ ತೂಕದ ಯಂತ್ರ ಉಪಯೋಗಕ್ಕೆ ಬರುತ್ತದೆ. ಒಂದು ಕಿಲೋ ಎಲೆ 900 ಗ್ರಾಂ ಆಸುಪಾಸಿಗೆ ಇಳಿದರೆ ಸಾಕು. ಕಣ್ಣಿಗೆ ಗುರುತು ಬೇಕಾದರೆ: ಎಲೆಯ ಹೊಳಪು ಹೋಗಿರುತ್ತದೆ, ದಂಟು ಹಿಡಿದು ಎತ್ತಿದರೆ ಮೇಲಿನ ಎರಡು ಎಲೆ ಜೋತು ಬೀಳುತ್ತವೆ, ಹುಲ್ಲಿನ ಹಸಿ ವಾಸನೆ ತಗ್ಗಿ ತೆಳ್ಳಗೆ ಸಿಹಿ ವಾಸನೆ ಬಂದಿರುತ್ತದೆ.

ಈಗ ಒಳಗೆ ತಂದು ನೆರಳಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ತಣ್ಣಗಾಗಲು ಬಿಡಿ. ಸ್ವಲ್ಪ ಹೊತ್ತಿಗೆ ಜೋತು ಬಿದ್ದ ಎಲೆ ಮತ್ತೆ ತಲೆ ಎತ್ತುತ್ತದೆ. ದಂಟಿನಲ್ಲಿದ್ದ ನೀರು ನರಗಳ ಮೂಲಕ ಎಲೆಗೆ ಹರಿದಿದೆ ಅಂತ ಅರ್ಥ. ಎಲೆ ಎದ್ದರೆ ಬದುಕಿದೆ. ಏಳಲೇ ಇಲ್ಲ ಅಂದರೆ ಬಿಸಿಲು ಜಾಸ್ತಿ ಆಯಿತು, ಅಂಥ ಎಲೆಯನ್ನು ಬ್ಲ್ಯಾಕ್ ಟೀ ಮಾಡಿಕೊಳ್ಳಿ, ಊಲಾಂಗ್‌ಗೆ ಒತ್ತಾಯಿಸಬೇಡಿ.

ಕುಲುಕುವುದು, ಮಲಗಿಸುವುದು

ಊಲಾಂಗ್ ಹುಟ್ಟುವುದು ಇಲ್ಲೇ. ಉಳಿದ ಹಂತಗಳನ್ನು ಪುಸ್ತಕ ನೋಡಿ ಕಲಿಯಬಹುದು. ಇದನ್ನು ಎಲೆಯೇ ಕಲಿಸಬೇಕು.

ಕೋಣೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರಲಿ, ಗಾಳಿಯಲ್ಲಿ ತೇವ ಶೇ 70ರಿಂದ 80 ಇದ್ದರೆ ಒಳ್ಳೆಯದು. ಫ್ಯಾನ್ ಹಾಕಬೇಡಿ. ಗಾಳಿ ತೀರಾ ಒಣಗಿದ್ದರೆ ಕೋಣೆಯಲ್ಲಿ ಒದ್ದೆ ಬಟ್ಟೆ ತೂಗುಹಾಕಿ. ಕೋಣೆ ಬಿಸಿಯಾಗಿದ್ದರೆ ಎಲೆ ಅವಸರದಲ್ಲಿ ಕೆಂಪಾಗುತ್ತದೆ, ಘಮ ಹುಟ್ಟಲು ಸಮಯವೇ ಸಿಗುವುದಿಲ್ಲ.

ಮೊರವನ್ನು ಎರಡೂ ಕೈಯಲ್ಲಿ ಹಿಡಿದು ದುಂಡಗೆ ತಿರುಗಿಸುತ್ತಾ ಸ್ವಲ್ಪ ಹಾರಿಸಿ. ಎಲೆಗಳು ಸುತ್ತುತ್ತಾ ಮೇಲೆದ್ದು, ಒಂದಕ್ಕೊಂದು ತಾಗಿ, ಮೊರದ ಒರಟು ಮೈಗೆ ಉಜ್ಜಿ ಬೀಳಬೇಕು. ಮೊರ ತಿರುಗಿಸಲು ಕೈ ಪಳಗಿಲ್ಲದವರು ಎರಡೂ ಅಂಗೈಯಲ್ಲಿ ಎಲೆ ಬಾಚಿ ಎತ್ತಿ ಸಡಿಲವಾಗಿ ಉದುರಿಸುತ್ತಾ ಹೋಗಬಹುದು. ಹಿಂಡಬಾರದು, ಹೊಸಕಬಾರದು. ದೊಡ್ಡ ಪ್ರಮಾಣದಲ್ಲಿ ಮಾಡುವವರು ಬಿದಿರಿನ ಉದ್ದ ಪೀಪಾಯಿಯೊಳಗೆ ಎಲೆ ತುಂಬಿ ತಿರುಗಿಸುತ್ತಾರೆ.

ಮೊದಲ ಸುತ್ತು ತೀರಾ ಮೆತ್ತಗೆ, ಒಂದೆರಡು ನಿಮಿಷ. ತೆಳ್ಳಗೆ ಹರಡಿ ಒಂದು ಒಂದೂವರೆ ಗಂಟೆ ಸುಮ್ನೆ ಬಿಡಿ. ಎರಡನೆಯದು ಸ್ವಲ್ಪ ಜಾಸ್ತಿ, ಎರಡು ಮೂರು ನಿಮಿಷ, ಆಮೇಲೆ ಎರಡು ಗಂಟೆ ಬಿಡಿ. ಮೂರನೆಯದು ನಾಲ್ಕೈದು ನಿಮಿಷ, ಈಗ ಕೈ ಸ್ವಲ್ಪ ಬಿಗಿಯಾಗಿರಲಿ, ಅಂಚಿಗೆ ಪೆಟ್ಟು ಬೀಳಬೇಕಾದದ್ದು ಈ ಸುತ್ತಿನಲ್ಲೇ. ನಾಲ್ಕನೆಯದು ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಮೂಗು ಹೇಳುತ್ತದೆ. ಪ್ರತಿ ಸುತ್ತಿನ ನಂತರ ಪದರ ಸ್ವಲ್ಪ ದಪ್ಪ ಮಾಡುತ್ತಾ ಹೋಗಿ: ಮೊದಲು ಒಂದೆರಡು ಬೆರಳು ದಪ್ಪ, ಕೊನೆಗೆ ಒಂದು ಗೇಣಿನ ಹತ್ತಿರ. ದಪ್ಪ ಪದರದೊಳಗೆ ಎಲೆಯ ಸ್ವಂತ ಬಿಸಿ ನಿಲ್ಲುತ್ತದೆ, ಬದಲಾವಣೆ ವೇಗ ಪಡೆಯುತ್ತದೆ. ಒಟ್ಟು ಎಂಟರಿಂದ ಹನ್ನೆರಡು ಗಂಟೆ. ಈ ನಿಮಿಷ, ಗಂಟೆ ಎಲ್ಲ ಅಂದಾಜಿಗೆ ಮಾತ್ರ. ಅದೇ ಗಿಡದ ಎಲೆ ಬೇರೆ ದಿನ ಬೇರೆ ಸಮಯ ಕೇಳುತ್ತದೆ.

ಒಳಗೆ ಏನಾಗುತ್ತಿದೆ? ಎಲೆಯ ಕೋಶದಲ್ಲಿ ಒಗರು ಕೊಡುವ ಪಾಲಿಫಿನಾಲ್‌ಗಳು ಒಂದು ಕಡೆ, ಅವನ್ನು ಕೆಂಪಾಗಿಸುವ ಕಿಣ್ವಗಳು ಇನ್ನೊಂದು ಕಡೆ ಇರುತ್ತವೆ. ಅಂಚಿನ ಕೋಶಗಳು ಒಡೆದಾಗ ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕ ಕೂಡಿಕೊಂಡು ಕೆಂಪು, ಕಂದು ಬಣ್ಣ ಹುಟ್ಟುತ್ತದೆ, ಒಗರು ಇಳಿಯುತ್ತದೆ. ಇದು ಅಂಚಿನ ಕಥೆ. ನಡುಭಾಗದಲ್ಲಿ ಇನ್ನೊಂದು ನಡೆಯುತ್ತಿರುತ್ತದೆ. ಪದೇ ಪದೇ ಪೆಟ್ಟು ತಿಂದ ಜೀವಂತ ಎಲೆ, ನೀರು ಕಡಿಮೆಯಾದ ಒತ್ತಡದಲ್ಲಿ, ಇಂಡೋಲ್, ನೆರೊಲಿಡಾಲ್, ಜಾಸ್ಮಿನ್ ಲ್ಯಾಕ್ಟೋನ್ ಥರದ ಘಮದ ವಸ್ತುಗಳನ್ನು ಹೊಸದಾಗಿ ತಯಾರಿಸುತ್ತದೆ. ಮಲ್ಲಿಗೆ ಹೂವಿನಲ್ಲಿ ಇರುವಂಥ ವಸ್ತುಗಳೇ ಇವು. ಒಂದೇ ಸಲ ಜೋರಾಗಿ ಜಜ್ಜಿದರೆ ಎಲೆ ಸಾಯುತ್ತದೆ, ಸತ್ತ ಎಲೆ ಇದನ್ನೆಲ್ಲ ಮಾಡುವುದಿಲ್ಲ. ಸ್ವಲ್ಪ ಪೆಟ್ಟು, ಉದ್ದದ ವಿಶ್ರಾಂತಿ ಅನ್ನುವ ಕ್ರಮಕ್ಕೆ ಕಾರಣ ಇದು.

ಒಂದು ಎಲೆಯನ್ನು ಕೈಗೆತ್ತಿಕೊಂಡು ನೋಡೋಣ. ಮೂರನೇ ಸುತ್ತು ಮುಗಿದು ಒಂದು ಗಂಟೆ ಆಗಿದೆ. ದೀಪಕ್ಕೆ ಅಡ್ಡ ಹಿಡಿಯಿರಿ. ನಡುನರ ಮತ್ತು ಅದರಿಂದ ಕವಲೊಡೆದ ಸಣ್ಣ ನರಗಳು ಬೆಳಕು ಹಾಯುವಷ್ಟು ತಿಳಿಯಾಗಿ ಕಾಣಬೇಕು. ಹಾಗೆ ಕಂಡರೆ ದಂಟಿನ ನೀರು ಸರಿಯಾಗಿ ಹರಿದು ಎಲೆಯ ಮೈಯಿಂದ ಆವಿಯಾಗಿದೆ. ಅಂಚಿನ ಗರಗಸದ ಹಲ್ಲುಗಳ ತುದಿಯಲ್ಲಿ ಇಟ್ಟಿಗೆ ಕೆಂಪು ಚುಕ್ಕಿಗಳು, ಅವು ಸೇರಿ ಅಲ್ಲಲ್ಲಿ ಸಣ್ಣ ಪಟ್ಟಿಯಾಗಿವೆ. ನಡುವೆ ಹಳದಿ ಬೆರೆತ ಹಸಿರು. ಎಲೆಯ ಅಂಚು ಕೆಳಕ್ಕೆ ಬಾಗಿ, ಬೆನ್ನು ಉಬ್ಬಿ, ಕವುಚಿಟ್ಟ ಚಮಚದ ಆಕಾರ ಬಂದಿದೆ. ಮುಟ್ಟಿದರೆ ಮೆತ್ತಗೆ, ತಣ್ಣಗೆ, ರೇಷ್ಮೆಯ ಹಾಗೆ ಸದ್ದು. ಮೂಗಿಗೆ ಹಿಡಿದರೆ ಹೂವು. ಇಷ್ಟು ಬಂದರೆ ನೀವು ಗೆದ್ದಿರಿ.

ಮೂಗಿನ ಮಾತು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಕಣ್ಣಿಗಿಂತ ಮೂಗೇ ಬೇಗ ತಿಳಿಸುತ್ತದೆ. ಮೊದಲ ಸುತ್ತಿನ ನಂತರ ಕೊಯ್ದ ಹುಲ್ಲಿನ ವಾಸನೆ. ಪ್ರತಿ ಸಲ ಕುಲುಕಿದ ತಕ್ಷಣ ಆ ಹಸಿ ವಾಸನೆ ಭಗ್ಗನೆ ಏರುತ್ತದೆ, ಮಲಗಿಸಿದಾಗ ನಿಧಾನ ಇಳಿದು ಅದರ ಜಾಗದಲ್ಲಿ ಮೊದಲು ತೆಳು ಹೂವಿನ ಘಮ, ಆಮೇಲೆ ದಟ್ಟ ಹೂವು, ಆಮೇಲೆ ಮಾಗಿದ ಹಣ್ಣಿನ ಘಮ ಬರುತ್ತದೆ. ಹಸಿ ವಾಸನೆ ಇಳಿಯುವ ಮೊದಲೇ ಮುಂದಿನ ಸುತ್ತು ಕುಲುಕಬೇಡಿ. ಹಸಿರು ಊಲಾಂಗ್ ಬೇಕಾದವರು ಹೂವಿನ ಹಂತದಲ್ಲೇ ನಿಲ್ಲಿಸಬೇಕು. ನಾನು ಹೇಳಿದ ಮಧ್ಯಮ ಬಗೆಗೆ ಹೂವು ಹಣ್ಣಿಗೆ ತಿರುಗುವ ಹೊತ್ತು ಸರಿ. ಹಣ್ಣು ದಾಟಿ ಹುಳಿ ವಾಸನೆ ಬಂತೋ, ತಡವಾಯಿತು.

ಅರ್ಧ ರಾತ್ರಿಯಲ್ಲಿ ನಿದ್ದೆ ಹೋಗಿ ಒಂದು ಗಂಟೆ ಜಾಸ್ತಿ ಬಿಟ್ಟರೆ ಎಲ್ಲ ಹಾಳಾಗುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ಆದರೆ ಅಲಾರಾಂ ಇಟ್ಟುಕೊಳ್ಳಿ, ಎದ್ದು ಒಮ್ಮೆ ಮೂಗಿಟ್ಟು ನೋಡಿ.

ಬಿಸಿ ಬಾಣಲೆ

ಬೇಕಾದ ಘಮ ಬಂದ ಕ್ಷಣ ಕಿಣ್ವಗಳನ್ನು ನಿಲ್ಲಿಸಬೇಕು. ಬಾಣಲೆಯನ್ನು 220ರಿಂದ 250 ಡಿಗ್ರಿವರೆಗೆ ಕಾಯಿಸಿ. ಎಲೆ ಬಿದ್ದ ತಕ್ಷಣ ಚಟಪಟ ಸದ್ದು ಬರಬೇಕು. ಒಂದು ಸಲಕ್ಕೆ 150ರಿಂದ 200 ಗ್ರಾಂ ಮಾತ್ರ ಹಾಕಿ, ಜಾಸ್ತಿ ಹಾಕಿದರೆ ಬಾಣಲೆ ತಣ್ಣಗಾಗಿ ಎಲೆ ಬೇಯುವ ಬದಲು ಇನ್ನಷ್ಟು ಕೆಂಪಾಗುತ್ತದೆ. ಕೈಗವಸು ಹಾಕಿ ತಳದಿಂದ ಬಾಚಿ ಎತ್ತಿ ಹಾಕುತ್ತಾ ಇರಿ, ನಡುವೆ ಒಂದು ನಿಮಿಷ ಗುಡ್ಡೆ ಮಾಡಿ ಅದರದೇ ಹಬೆಯಲ್ಲಿ ಬೇಯಲು ಬಿಡಿ. ಊಲಾಂಗ್ ಎಲೆಗೂ ದಂಟಿಗೂ ದಪ್ಪ ಇರುವುದರಿಂದ ಒಳಗಿನ ತನಕ ಬಿಸಿ ಮುಟ್ಟಬೇಕು. ನಾಲ್ಕರಿಂದ ಏಳು ನಿಮಿಷ ಹಿಡಿಯುತ್ತದೆ. ದಂಟು ಮಡಚಿದರೆ ಮುರಿಯದೆ ಬಾಗಬೇಕು, ಎಲೆ ಮುದ್ದೆ ಕಟ್ಟಿದರೆ ಸ್ವಲ್ಪ ಅಂಟಬೇಕು, ಹಸಿ ವಾಸನೆ ಪೂರ್ತಿ ಹೋಗಿರಬೇಕು. ಬೇಯುವುದು ಕಡಿಮೆಯಾದರೆ ದಂಟು ಆಮೇಲೆ ಕೆಂಪಾಗುತ್ತದೆ, ಟೀಗೆ ಎಂದೂ ಹೋಗದ ಹಸಿ ರುಚಿ ಅಂಟಿಕೊಳ್ಳುತ್ತದೆ.

ಬಿಸಿ ಇರುವಾಗಲೇ ಉಜ್ಜಿ. ಉದ್ದ ಎಳೆ ಬೇಕಾದರೆ ಮೊರದ ಮೇಲೆ ಎರಡೂ ಅಂಗೈಯಿಂದ ಒಂದೇ ದಿಕ್ಕಿಗೆ ಉರುಳಿಸುತ್ತಾ ಐದಾರು ನಿಮಿಷ ಒತ್ತಿ, ನಡುವೆ ಗಂಟು ಬಿಡಿಸಿ. ರಸ ಮೇಲೆ ಬಂದು ಜಿಗುಟಾದರೆ ಸಾಕು. ಗುಂಡಗೆ ಬೇಕಾದರೆ ಶ್ರಮ ಜಾಸ್ತಿ. ಸ್ವಲ್ಪ ಒಣಗಿಸಿದ ಎಲೆಯನ್ನು ಹತ್ತಿ ಬಟ್ಟೆಯಲ್ಲಿ ಹಾಕಿ, ಬಾಯಿ ತಿರುಚಿ ಚೆಂಡಿನಷ್ಟು ಬಿಗಿ ಮಾಡಿ, ನೆಲದ ಮೇಲೆ ಒತ್ತಿ ಉರುಳಿಸಿ, ಬಿಚ್ಚಿ, ಉದುರಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ, ಮತ್ತೆ ಕಟ್ಟಬೇಕು. ಆನ್‌ಶಿಯಲ್ಲೂ ತೈವಾನ್‌ನಲ್ಲೂ ಇದನ್ನು ಯಂತ್ರದಿಂದ ಹತ್ತಾರು ಸಲ ಮಾಡುತ್ತಾರೆ. ಪ್ರತಿ ಸಲವೂ ಗಂಟು ಪೂರ್ತಿ ಬಿಡಿಸಲೇಬೇಕು, ಬಿಸಿ ಗಂಟಿನೊಳಗೆ ಹುಳಿ ಹಿಡಿಯುತ್ತದೆ.

ಓವನ್‌ನಲ್ಲಿ 100ರಿಂದ 110 ಡಿಗ್ರಿಯಲ್ಲಿ ತೆಳ್ಳಗೆ ಹರಡಿ ಇಪ್ಪತ್ತು ಮೂವತ್ತು ನಿಮಿಷ, ಬಾಗಿಲು ಸ್ವಲ್ಪ ತೆರೆದಿಡಿ, ಹಬೆ ಹೊರಗೆ ಹೋಗಲಿ. ತೆಗೆದು ಒಂದು ಗಂಟೆ ಆರಲು ಬಿಡಿ, ಒಳಗಿನ ತೇವ ಹೊರಗೆ ಬರುತ್ತದೆ. ಮತ್ತೆ 80ರಿಂದ 90 ಡಿಗ್ರಿಯಲ್ಲಿ ಒಂದೆರಡು ಗಂಟೆ. ದಂಟು ಟಕ್ಕನೆ ಮುರಿದು, ಎಲೆ ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಒಣಗಿದೆ. ಇದು ಅರ್ಧ ತಯಾರಾದ ಟೀ. ದಂಟು, ಹಳದಿ ಎಲೆ ಆರಿಸಿ ತೆಗೆಯುವುದು ಈಗ.

ಹುರಿಯುವುದು

ಹಸಿರು ಊಲಾಂಗ್‌ಗೆ ಇದು ಬೇಕಿಲ್ಲ. ಉಳಿದವಕ್ಕೆ ಹುರಿಯುವುದೇ ಅರ್ಧ ಗುಣ ಕೊಡುತ್ತದೆ. ವೂಯಿಯಲ್ಲಿ ಕುಳಿಯಲ್ಲಿ ಇದ್ದಿಲು ಉರಿಸಿ, ಜ್ವಾಲೆ ಅಡಗಿದ ಮೇಲೆ ಬೂದಿ ಮುಚ್ಚಿ, ಮೇಲೆ ಬಿದಿರಿನ ಬುಟ್ಟಿ ಇಟ್ಟು, ಗಂಟೆಗಟ್ಟಲೆ ನಿಧಾನ ಹುರಿಯುತ್ತಾರೆ. ಬಿಸಿ ಕಡಿಮೆ ಮಾಡಲು ಬೂದಿ ಜಾಸ್ತಿ ಹಾಕುತ್ತಾರೆ, ಹೆಚ್ಚು ಮಾಡಲು ಬೂದಿ ಸರಿಸುತ್ತಾರೆ. ಆಮೇಲೆ ಟೀಯನ್ನು ವಾರಗಟ್ಟಲೆ ಸುಮ್ಮನಿಟ್ಟು ಮತ್ತೆ ಹುರಿಯುತ್ತಾರೆ. ವಸಂತದಲ್ಲಿ ಕಿತ್ತ ಎಲೆ ಮಾರಾಟಕ್ಕೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಮನೆಯಲ್ಲಿ ಓವನ್ ಸಾಕು. ಒಂದು ವಾರ ಇಟ್ಟ ಟೀಯನ್ನು 100 ಡಿಗ್ರಿಯಲ್ಲಿ ಎರಡು ಗಂಟೆ ಹುರಿಯಿರಿ, ಅರ್ಧ ಗಂಟೆಗೊಮ್ಮೆ ಅಲುಗಿಸಿ. ತಣ್ಣಗಾದ ಮೇಲೆ ಒಂದು ಕಪ್ ಮಾಡಿ ಕುಡಿದು ನೋಡಿ. ಇನ್ನೂ ಬೇಕು ಅನ್ನಿಸಿದರೆ ಕೆಲವು ದಿನ ಬಿಟ್ಟು 110ರಲ್ಲಿ ಮತ್ತೆ ಎರಡು ಗಂಟೆ. ಒಂದೇ ದಿನ ಜೋರು ಬಿಸಿ ಕೊಟ್ಟು ಮುಗಿಸಿಬಿಡುವ ಆಸೆ ಬೇಡ, ಮೇಲ್ಮೈ ಇದ್ದಿಲಾಗಿ ಒಳಗೆ ಹಸಿ ಉಳಿಯುತ್ತದೆ. ಸರಿಯಾಗಿ ಹುರಿದಾಗ ಎಲೆಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಹುರಿದ ಬೀಜ, ಕ್ಯಾರಮೆಲ್ ಥರದ ಘಮ ಬರುತ್ತದೆ, ಒಗರು ಇನ್ನಷ್ಟು ತಗ್ಗುತ್ತದೆ. ಹುರಿದ ಹೊಸದರಲ್ಲಿ ಬೆಂಕಿಯ ವಾಸನೆಯೇ ಮುಂದೆ ಬರುತ್ತದೆ, ಒಂದು ತಿಂಗಳು ಡಬ್ಬಿಯಲ್ಲಿಟ್ಟರೆ ಅದು ಅಡಗಿ ಹಣ್ಣು, ಹೂವು ಮತ್ತೆ ಹೊರಬರುತ್ತವೆ.

ಒಂದು ಮಾತು ಖಡಾಖಂಡಿತವಾಗಿ: ಹುರಿಯುವುದರಿಂದ ಕೆಟ್ಟ ಟೀ ಒಳ್ಳೆಯದಾಗುವುದಿಲ್ಲ. ರಾತ್ರಿಯ ಕೆಲಸ ಕೆಟ್ಟಿದ್ದರೆ ಬೆಂಕಿ ಅದನ್ನು ಮುಚ್ಚಬಹುದು ಅಷ್ಟೇ, ಮೂರನೇ ಸಲ ನೀರು ಹಾಕಿದಾಗ ತಪ್ಪು ಹೊರಗೆ ಬಂದೇ ಬರುತ್ತದೆ.

ರುಚಿ ನೋಡಿ ತಪ್ಪು ಹಿಡಿಯುವುದು

ಟೀ ಪರೀಕ್ಷೆ ಮಾಡುವವರು ಚೀನಾದಲ್ಲಿ 110 ಮಿಲಿ ಮುಚ್ಚಳದ ಬಟ್ಟಲಿಗೆ 5 ಗ್ರಾಂ ಊಲಾಂಗ್ ಹಾಕಿ ಕುದಿಯುವ ನೀರು ಸುರಿಯುತ್ತಾರೆ. ಮೊದಲ ಸಲ 2 ನಿಮಿಷ, ಎರಡನೇ ಸಲ 3, ಮೂರನೇ ಸಲ 5. ಕುಡಿಯಲು ಇದು ತೀರಾ ಗಟ್ಟಿ, ಆದರೆ ತಪ್ಪು ಮುಚ್ಚಿಡಲು ಜಾಗವೇ ಇರುವುದಿಲ್ಲ. ನೀವು ಮಾಡಿದ್ದನ್ನೂ ಕೊಂಡದ್ದನ್ನೂ ಹೀಗೇ ನೋಡಿ. ಮುಚ್ಚಳದ ಒಳಮೈ ಮೂಸಿ, ಘಮ ಅಲ್ಲೇ ಕೂತಿರುತ್ತದೆ.

ಗಂಟಲು ಹಿಡಿಯುವ ಹಸಿ ಕಹಿ ಇದ್ದರೆ ಬಿಸಿಲು ಸಾಲದು ಅಥವಾ ದಂಟಿನ ನೀರು ಎಲೆಯಲ್ಲೇ ನಿಂತಿತ್ತು, ಹೆಚ್ಚಾಗಿ ಮೊದಲ ಸುತ್ತುಗಳಲ್ಲಿ ಕೈ ಜೋರಾದಾಗ ಹೀಗಾಗುತ್ತದೆ. ಬೇಯಿಸಿದ ಸೊಪ್ಪಿನ ರುಚಿ ಬಂದರೆ ಬಾಣಲೆಯಲ್ಲಿ ಹಬೆ ಜಾಸ್ತಿ ಕೂಡಿತು. ಹುಳಿ ಬಂದರೆ ಪದರ ತೀರಾ ದಪ್ಪ ಇತ್ತು, ಇಲ್ಲವೇ ಉಜ್ಜಿದ ಮೇಲೆ ಒಣಗಿಸಲು ತಡ ಆಯಿತು. ಏನೂ ಇಲ್ಲದೆ ಸಪ್ಪೆ ಅನ್ನಿಸಿದರೆ ಕುಲುಕಿದ್ದು ಸಾಲದು, ಮುಂದಿನ ಸಲ ಮೂರನೇ ಸುತ್ತು ಬಿಗಿ ಮಾಡಿ. ನೀರಿನಲ್ಲಿ ಬಿಚ್ಚಿಕೊಂಡ ಎಲೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ ನೋಡುವುದು ಮರೆಯಬೇಡಿ. ಅಂಚು ಕೆಂಪು, ನಡು ಹಸಿರು ಇದ್ದರೆ ಕೆಲಸ ಸರಿ ಹೋಗಿದೆ. ಮೈಯೆಲ್ಲ ಅಡ್ಡಾದಿಡ್ಡಿ ಕೆಂಪು ತೇಪೆ ಇದ್ದರೆ ಎಲೆ ಬುಟ್ಟಿಯಲ್ಲೋ ಬಿಸಿಲಲ್ಲೋ ಗಾಯಗೊಂಡಿತ್ತು. ತುಂಬಾ ಹುರಿದ ಟೀಯಲ್ಲಿ ಈ ಬಣ್ಣ ಅಷ್ಟಾಗಿ ಕಾಣುವುದಿಲ್ಲ, ಅಲ್ಲಿ ನಾಲಿಗೆಯನ್ನೇ ನಂಬಬೇಕು.

ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಜಿನ್ ಶುಆನ್ ಅಂತ ತೈವಾನ್ 1981ರಲ್ಲಿ ಬಿಡುಗಡೆ ಮಾಡಿದ ತಳಿ ಇದೆ, ಅದರ ಟೀಯಲ್ಲಿ ಹಾಲಿನ ಕೆನೆಯ ತೆಳು ವಾಸನೆ ಸಹಜವಾಗಿಯೇ ಇರುತ್ತದೆ. ಆ ಹೆಸರು ಓಡುತ್ತದೆ ಅಂತ ಫ್ಲೇವರ್ ಸೇರಿಸಿ ಮಿಲ್ಕ್ ಊಲಾಂಗ್ ಅಂತ ಮಾರುವುದು ಬಹಳ. ಪೊಟ್ಟಣ ಬಿಚ್ಚಿದ ತಕ್ಷಣ ಕೋಣೆಯೆಲ್ಲ ಹಾಲಿನ ವಾಸನೆ ಹರಡಿ, ಎರಡನೇ ಸಲ ನೀರು ಹಾಕಿದಾಗ ಏನೂ ಉಳಿಯದಿದ್ದರೆ ಅದು ಸೇರಿಸಿದ್ದು.

ದಿನಾ ಕುಡಿಯಲು, ಕೆಡದಂತೆ ಇಡಲು

ಸಣ್ಣ ಪಾತ್ರೆ, ಜಾಸ್ತಿ ಎಲೆ, ಕಡಿಮೆ ಹೊತ್ತು. 100 ಮಿಲಿಗೆ 5ರಿಂದ 6 ಗ್ರಾಂ, ಮೊದಲ ಸಲ 20 ಸೆಕೆಂಡ್, ಆಮೇಲೆ ಪ್ರತಿ ಸಲ ಐದು ಹತ್ತು ಸೆಕೆಂಡ್ ಜಾಸ್ತಿ. ಒಳ್ಳೆಯ ಊಲಾಂಗ್ ಆರೇಳು ಸಲ ರುಚಿ ಕೊಡುತ್ತದೆ, ಪ್ರತಿ ಸಲವೂ ಬೇರೆ ರುಚಿ. ಹುರಿದದ್ದಕ್ಕೂ ಗುಂಡಗಿರುವುದಕ್ಕೂ ಕುದಿಯುವ ನೀರೇ ಹಾಕಿ. ತೀರಾ ಹಸಿರು ಬಗೆಗೆ 90 ಡಿಗ್ರಿ ಸಾಕು. ದೊಡ್ಡ ಕಪ್ಪಿನಲ್ಲಿ ಮಾಡುವವರು 200 ಮಿಲಿಗೆ 3 ಗ್ರಾಂ ಹಾಕಿ ಮೂರು ನಿಮಿಷ ಬಿಡಿ. ಗಡಸು ನೀರಿನಲ್ಲಿ ಘಮ ಏಳುವುದಿಲ್ಲ, ಮೆದು ನೀರು ಬಳಸಿ. ಸಕ್ಕರೆ, ಹಾಲು ಹಾಕಬೇಡಿ. ರಾತ್ರಿಯೆಲ್ಲ ಎದ್ದು ಹುಟ್ಟಿಸಿದ ಘಮ ಅದರಲ್ಲಿ ಮುಳುಗಿ ಹೋಗುತ್ತದೆ. ಬಿಸಿಲ ದಿನಕ್ಕೆ ಅರ್ಧ ಲೀಟರ್ ತಣ್ಣೀರಿಗೆ 5 ಗ್ರಾಂ ಹಾಕಿ ಫ್ರಿಜ್‌ನಲ್ಲಿ ಆರೇಳು ಗಂಟೆ ಇಟ್ಟರೆ ಒಗರಿಲ್ಲದ ಸಿಹಿ ಟೀ ಸಿಗುತ್ತದೆ. ಹಸಿರು ಊಲಾಂಗ್ ಇದಕ್ಕೆ ಹೇಳಿ ಮಾಡಿಸಿದ್ದು.

ಹಸಿರು ಬಗೆಯನ್ನು ಗಾಳಿ ತೆಗೆದ ಪೊಟ್ಟಣದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಬಿಚ್ಚುವ ಮೊದಲು ಹೊರಗಿನ ಬಿಸಿಗೆ ಬರಲು ಬಿಡಿ, ಇಲ್ಲವಾದರೆ ಎಲೆಯ ಮೇಲೆ ನೀರು ಕೂರುತ್ತದೆ. ಆರು ತಿಂಗಳೊಳಗೆ ಕುಡಿದು ಮುಗಿಸುವುದು ಒಳ್ಳೆಯದು. ಹುರಿದ ಬಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಕೆಲವರು ಬೇಕೆಂದೇ ಹಳೆಯದು ಮಾಡುತ್ತಾರೆ. ತೇವ ಹಿಡಿದು ಹುಳಿ ವಾಸನೆ ಬರಲು ಶುರುವಾದರೆ ಬಿಸಾಡಬೇಡಿ. 90 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ. ಬೂಸಲು ಕಂಡರೆ ಮಾತ್ರ ಅದನ್ನು ಕುಡಿಯಲೇ ಬೇಡಿ.